ಗಿಡ್ಡ ಅಂತ ವಾಪಸ್ ಕಳಿಸಿದ ಹುಡುಗ: ಜೂಶಿನ್ ಥಂಡರ್ ಲೈಗರ್ ಪ್ರಕರಣ

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡುಗಳು ನೆನಪಿರಬೇಕು. ಒಂದೊಂದು ಕಾರ್ಡಿನಲ್ಲಿ ಒಬ್ಬೊಬ್ಬ ಪೈಲ್ವಾನ, ಕೆಳಗೆ ಎತ್ತರ, ತೂಕ, ಎದೆ, ಬೈಸೆಪ್ಸ್, ರ್‍ಯಾಂಕ್. ಒಬ್ಬ "ಎತ್ತರ" ಅಂತ ಕೂಗಿದರೆ, ಯಾರ ಕೈಲಿರುವ ಪೈಲ್ವಾನ ಉದ್ದವೋ ಅವನು ಎದುರಿನವನ ಕಾರ್ಡ್ ಕಿತ್ತುಕೊಳ್ಳುತ್ತಿದ್ದ. ಆಟ ಅಷ್ಟೇ. ಗಿಡ್ಡನ ಕಾರ್ಡ್ ಕೈಗೆ ಬಂತು ಅಂದ್ರೆ ಇದನ್ನು ಹೇಗಪ್ಪಾ ಸಾಗಹಾಕೋದು ಅನ್ನುವುದೇ ಚಿಂತೆ.

ಆ ಕಟ್ಟಿನಲ್ಲಿ ಜಪಾನಿನ ಜೂಶಿನ್ ಥಂಡರ್ ಲೈಗರ್ ಇದ್ದಿದ್ದರೆ ಯಾರಿಗೂ ಬೇಡದ ಕಾರ್ಡ್ ಅವನದೇ. ಎತ್ತರ 170 ಸೆಂಟಿಮೀಟರ್. ನಮ್ಮ ಬಸ್ಸಿನ ಕಂಡಕ್ಟರ್ ಕೂಡ ಅಷ್ಟಿರುತ್ತಾರೆ. ಆದರೂ ಆತ 1984ರಿಂದ 2020ರವರೆಗೆ, ಹೆಚ್ಚುಕಡಿಮೆ 36 ವರ್ಷ ರಿಂಗಿನಲ್ಲಿದ್ದ. ತನ್ನ ತೂಕದ ದೊಡ್ಡ ಬೆಲ್ಟನ್ನು 11 ಸಲ ಗೆದ್ದ. ಈ 11ರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಇರುವುದು ಅವನ ಸೋಲುಗಳ ಬಗ್ಗೆ. ಸೋತದ್ದು ಯಾರಿಗೆ, ಯಾವಾಗ ಅಂತ ನೋಡುತ್ತಾ ಹೋದರೆ ಅವನು ಏನು ಕಟ್ಟುತ್ತಿದ್ದ ಅನ್ನುವುದು ಗೊತ್ತಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅನ್ನುವುದು ಮುಂಚೆಯೇ ತೀರ್ಮಾನ ಆಗಿರುತ್ತದೆ. ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುತ್ತಾರಲ್ಲ, ಇವನಿಗೆ ಅವನು ಅಂತ, ಅಲ್ಲಿಗೆ ಹಿರಿಯರ ಕೆಲಸ ಮುಗಿಯಿತು. ಆಮೇಲೆ ಚಿತ್ ಮಾಡುವುದು ಪೈಲ್ವಾನರಿಗೆ ಬಿಟ್ಟದ್ದು. ಪ್ರೊ ರೆಸ್ಲಿಂಗ್‌ನಲ್ಲಿ ಜೋಡಿ ಕಟ್ಟುವವನೇ ಫಲಿತಾಂಶವನ್ನೂ ಬರೆಯುತ್ತಾನೆ. ಅವನಿಗೆ ಬುಕರ್ ಅಂತ ಹೆಸರು. ಹಾಗಾಗಿ ಇಲ್ಲಿ ಸೋಲು ಅಂದ್ರೆ ಸುಮ್ನೆ ಸೋಲಲ್ಲ. ಯಾರೋ ಯಾರನ್ನೋ ದೊಡ್ಡವನನ್ನಾಗಿ ಮಾಡಲು ತೆಗೆದುಕೊಂಡ ನಿರ್ಧಾರ. ಹಾಗಂತ ಏಟು ಸುಳ್ಳಲ್ಲ, ಬೀಳುವುದು ಸುಳ್ಳಲ್ಲ, ಮುರಿದ ಮೂಳೆಯಂತೂ ಸುಳ್ಳೇ ಅಲ್ಲ.

ಅಳತೆಗೆ ಸಾಲದವನು

ಅವನ ನಿಜವಾದ ಹೆಸರು ಕೇಯಿಚಿ ಯಮಾದಾ. 1964ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿದವನು. ಹೈಸ್ಕೂಲಿನಲ್ಲಿ ಮ್ಯಾಟ್ ಕುಸ್ತಿ ಆಡುತ್ತಿದ್ದ. ಓದು ಮುಗಿದ ಮೇಲೆ ಅವನಿಗೆ ಬೇಕಾಗಿದ್ದದ್ದು ಒಂದೇ ಜಾಗ: ಆಂಟೋನಿಯೊ ಇನೋಕಿ 1972ರಲ್ಲಿ ಶುರು ಮಾಡಿದ್ದ ನ್ಯೂ ಜಪಾನ್ ಪ್ರೊ ರೆಸ್ಲಿಂಗ್. ಅಲ್ಲಿ ಎತ್ತರ ಸಾಲದು ಅಂತ ವಾಪಸ್ ಕಳಿಸಿದರು.

ಹುಡುಗ ಊರಿಗೆ ಹೋಗಲಿಲ್ಲ, ಮೆಕ್ಸಿಕೊಗೆ ಹೋದ. ಯಾರೂ ಕಳಿಸಿದ್ದಲ್ಲ, ತಾನೇ ಹೋದದ್ದು. ಮೆಕ್ಸಿಕೊದ ಲುಚಾ ಲಿಬ್ರೆ ಕುಸ್ತಿಯಲ್ಲಿ ಸಣ್ಣ ಮೈಯವರಿಗೆ ಮರ್ಯಾದೆ ಇದೆ. ಮುಖವಾಡ ಹಾಕಿಕೊಂಡು ಹಗ್ಗದಿಂದ ಹಗ್ಗಕ್ಕೆ ಹಾರುವ ಆಟ ಅದು. ಅಲ್ಲಿ ಅಭ್ಯಾಸ ಮಾಡುತ್ತಿದ್ದಾಗ ನ್ಯೂ ಜಪಾನಿನವರ ಕಣ್ಣಿಗೆ ಬಿದ್ದ. ಟೋಕಿಯೊದಲ್ಲಿ ಬಾಗಿಲು ಹಾಕಿದವರೇ ಮೆಕ್ಸಿಕೊದಲ್ಲಿ ಬಾ ಅಂದರು. ಹಟಮಾರಿ ಅನ್ನುವುದು ಅವರಿಗೆ ಆಗ ಮನವರಿಕೆ ಆಗಿರಬೇಕು.

ನ್ಯೂ ಜಪಾನಿನ ಡೋಜೊ ಟೋಕಿಯೊದ ನೊಗೆ ಎಂಬಲ್ಲಿದೆ. ನಮ್ಮ ಗರಡಿ ಮನೆಯ ಹಾಗೆ ಅಂದುಕೊಳ್ಳಿ. ಹೊಸಬರು ಅಲ್ಲೇ ಮಲಗಬೇಕು, ಅಲ್ಲೇ ಅಡುಗೆ ಮಾಡಬೇಕು, ಹಿರಿಯರ ಬಟ್ಟೆ ಒಗೆಯಬೇಕು, ನೂರುಗಟ್ಟಲೆ ಬಸ್ಕಿ ಹೊಡೆಯಬೇಕು. ರಿಂಗಿಗೆ ಇಳಿದಾಗಲೂ ಕಪ್ಪು ಚಡ್ಡಿ, ಕಪ್ಪು ಬೂಟು ಮಾತ್ರ, ಮಿಂಚುವ ಹಾಗಿಲ್ಲ. 1984ರ ಮಾರ್ಚ್‌ನಲ್ಲಿ ಯಮಾದಾ ಹೀಗೇ ಕಪ್ಪು ಚಡ್ಡಿಯಲ್ಲಿ ಮೊದಲ ಪಂದ್ಯ ಆಡಿದ.

ಆಮೇಲೆ ಹೊರದೇಶಕ್ಕೆ ಕಳಿಸುವ ಪದ್ಧತಿ. 1986ರಲ್ಲಿ ಅವನು ಹೋದದ್ದು ಬ್ರಿಟನ್‌ಗೆ. ಅಲ್ಲಿ ಅವನಿಗೆ ಫ್ಲೈಯಿಂಗ್ ಫುಜಿ ಯಮಾದಾ ಅಂತ ಹೆಸರಿಟ್ಟರು. 'ರೋಲರ್‌ಬಾಲ್' ಮಾರ್ಕ್ ರಾಕೊ ಎಂಬ ಒರಟನ ಜೊತೆ ಸಾಲುಸಾಲು ಪಂದ್ಯ. ಆಮೇಲೆ ಕೆನಡಾದ ಕ್ಯಾಲ್ಗರಿ. ಬ್ರಿಟನ್ನಿನವರು ಹಿಡಿತ, ತಿರುಚು, ಬಿಡಿಸಿಕೊಳ್ಳುವ ಪಟ್ಟುಗಳಲ್ಲಿ ಪಳಗಿದವರು. ಮೆಕ್ಸಿಕೊದ ಹಾರಾಟ, ಇಂಗ್ಲೆಂಡಿನ ಪಟ್ಟು, ಜಪಾನಿನ ಏಟು ಮೂರೂ ಒಂದೇ ಮೈಯಲ್ಲಿ ಸೇರಿದವು.

ಈ ಕಾಲದಲ್ಲೇ ಅವನು ಒಂದು ಹೊಸ ಪಟ್ಟು ಕಂಡುಹಿಡಿದ. ಮೂಲೆಯ ಕಂಬದ ತುದಿಯಲ್ಲಿ ನಿಂತು ಮುಂದಕ್ಕೆ ಜಿಗಿಯುವುದು, ಗಾಳಿಯಲ್ಲಿ ಹಿಂದಕ್ಕೆ ಲಾಗ ಹಾಕುವುದು, ಅಂಗಾತ ಬಿದ್ದವನ ಮೇಲೆ ಹೊಟ್ಟೆ ಅಡಿಯಾಗಿ ಬೀಳುವುದು. ಒಮ್ಮೆ ಕೈಯಲ್ಲಿ ಮಾಡಿ ನೋಡಿ: ಮೈ ಮುಂದೆ ಹೋಗುತ್ತಿದೆ, ತಲೆ ಹಿಂದಕ್ಕೆ ಸುತ್ತುತ್ತಿದೆ. ಅರ್ಧ ಸುತ್ತು ಕಮ್ಮಿ ಆದರೆ ಕತ್ತು ಹೋಯಿತು. ಶೂಟಿಂಗ್ ಸ್ಟಾರ್ ಪ್ರೆಸ್ ಅಂತ ಅದರ ಹೆಸರು. 2003ರಲ್ಲಿ ಅಮೆರಿಕದ ರೆಸಲ್‌ಮೇನಿಯಾ ಕಾರ್ಯಕ್ರಮದಲ್ಲಿ ಬ್ರಾಕ್ ಲೆಸ್ನರ್ ಎಂಬ ದೈತ್ಯ ಇದನ್ನು ಮಾಡಲು ಹೋಗಿ ತಲೆ ಕೆಳಗಾಗಿ ಬಿದ್ದ. ಆ ವಿಡಿಯೊ ನೋಡಿದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಕಾರ್ಟೂನಿನಿಂದ ಬಂದ ಮುಖ

1989ರಲ್ಲಿ ಜಪಾನಿನ ಟಿವಿಯಲ್ಲಿ ಗೊ ನಾಗಾಯಿ ಸೃಷ್ಟಿಸಿದ 'ಜೂಶಿನ್ ಲೈಗರ್' ಎಂಬ ಅನಿಮೆ ಬರುತ್ತಿತ್ತು. ಜೂಶಿನ್ ಅಂದರೆ ಮೃಗದೇವ. ಆ ಪಾತ್ರವನ್ನೇ ರಿಂಗಿಗೆ ತರೋಣ ಅಂತ ನ್ಯೂ ಜಪಾನ್ ಯೋಚಿಸಿತು. ಅನಿಮೆಯ ಪಾತ್ರವನ್ನು ಕುಸ್ತಿಗೆ ಇಳಿಸುವುದು ಅವರಿಗೆ ಹೊಸದಲ್ಲ. 1981ರಲ್ಲಿ ಸತೋರು ಸಯಾಮಾಗೆ ಟೈಗರ್ ಮಾಸ್ಕ್ ತೊಡಿಸಿದ್ದರು, ದೇಶವೇ ಹುಚ್ಚೆದ್ದಿತ್ತು. ಆದರೆ ಎರಡೇ ವರ್ಷದಲ್ಲಿ ಅವನು ಕಂಪನಿ ಬಿಟ್ಟ.

1989ರ ಏಪ್ರಿಲ್ 24ರಂದು ನ್ಯೂ ಜಪಾನ್ ಮೊದಲ ಸಲ ಟೋಕಿಯೊ ಡೋಮ್ ಕ್ರೀಡಾಂಗಣದಲ್ಲಿ ಕಾರ್ಯಕ್ರಮ ಮಾಡಿತು. ಅಂದು ಲೈಗರ್ ಹುಟ್ಟಿದ. ತಲೆಯಿಂದ ಕಾಲಿನವರೆಗೆ ಕೆಂಪು ಬಿಳಿ ಉಡುಪು, ಮುಖ ಪೂರ್ತಿ ಮುಚ್ಚುವ ಮುಖವಾಡ, ಮೇಲೆ ಕೊಂಬು, ಹಿಂದೆ ಉದ್ದ ಕೂದಲು. ಎದುರಾಳಿ ಕುನಿಯಾಕಿ ಕೊಬಯಾಶಿ. ಟೈಗರ್ ಮಾಸ್ಕ್‌ನ ಹಳೇ ವೈರಿ ಅವನೇ. ಹಳೇ ಗಿರಾಕಿಗಳಿಗೆ ಇಷ್ಟು ಸುಳಿವು ಸಾಕಾಗಿತ್ತು. ಒಂದೇ ತಿಂಗಳಿಗೆ, ಮೇ 25ಕ್ಕೆ, ಹಿರೋಶಿ ಹಾಸೆಯಿಂದ ಐಡಬ್ಲ್ಯೂಜಿಪಿ ಜೂನಿಯರ್ ಹೆವಿವೇಟ್, ಅಂದರೆ ನ್ಯೂ ಜಪಾನಿನ ಸಣ್ಣ ಮೈಯವರ ಬೆಲ್ಟ್ ಅವನ ಸೊಂಟಕ್ಕೆ ಬಂತು. ಅನಿಮೆಯಲ್ಲಿ ಪಾತ್ರದ ಹೆಸರು ಬದಲಾದಂತೆ ಇವನದೂ ಬದಲಾಯಿತು. ಲೈಗರ್ ಇದ್ದವನು ಫೈರ್ ಲೈಗರ್ ಆದ, 1990ರ ಜನವರಿಗೆ ಥಂಡರ್ ಲೈಗರ್. ಅನಿಮೆ ಆ ತಿಂಗಳೇ ಮುಗಿಯಿತು. ಅದರ ಹಾಡು ಹಾಕಿಕೊಂಡು ಇವನು ಇನ್ನೂ 30 ವರ್ಷ ರಿಂಗಿಗೆ ನಡೆದು ಬಂದ. ಜಾಹೀರಾತು ಅಂತ ಶುರುವಾದದ್ದು, ಸರಕು ಖಾಲಿಯಾದ ಮೇಲೂ ಮೂರು ದಶಕ ನಿಂತಿತು!

ಒಳಗಿರುವುದು ಯಮಾದಾ ಅಂತ ಎಲ್ಲರಿಗೂ ಗೊತ್ತು. ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಮಾದಾ ಏನಾದ ಅಂತ ಕೇಳಿದರೆ "ಲಿವರ್‌ಪೂಲ್‌ನ ಗಾಳಿಯಾಗಿ ಹೋದ" ಅನ್ನುವುದು ಜಪಾನಿ ಅಭಿಮಾನಿಗಳ ಹಳೇ ತಮಾಷೆ. ಬ್ರಿಟನ್‌ಗೆ ಹೋದ ಹುಡುಗ ವಾಪಸ್ ಬರಲೇ ಇಲ್ಲ ಅನ್ನುವ ಲೆಕ್ಕ.

ಉಡುಪಿನಿಂದಲೇ ಎಲ್ಲ ಆಯಿತು ಅಂತ ಅಂದುಕೊಳ್ಳಬೇಡಿ. 1997ರ ಜನವರಿ 4ರಂದು ಅದೇ ಡೋಮ್‌ನಲ್ಲಿ 'ಸೂಪರ್ ಲೈಗರ್' ಎಂಬ ಇನ್ನೊಬ್ಬನನ್ನು ಇಳಿಸಿದರು. ಬೆಳ್ಳಿ ಬಣ್ಣದ ಹೊಸ ಸೂಟಿನ ಒಳಗಿದ್ದವನು ಕ್ರಿಸ್ ಜೆರಿಕೊ, ಮುಂದೆ ಅಮೆರಿಕದಲ್ಲಿ ದೊಡ್ಡ ತಾರೆ ಆದವನು. ಪಂದ್ಯ ಎಷ್ಟು ಕೆಟ್ಟಿತು ಅಂದ್ರೆ ಸೂಪರ್ ಲೈಗರ್ ಮತ್ತೆ ಕಾಣಿಸಲೇ ಇಲ್ಲ.

ಏಣಿಯೋ, ಮನೆಯೋ

ಜೂನಿಯರ್ ಹೆವಿವೇಟ್ ಅಂದರೆ ನ್ಯೂ ಜಪಾನಿನ ಲೆಕ್ಕದಲ್ಲಿ 100 ಕಿಲೋ ಒಳಗಿನವರು. ಲೈಗರ್‌ಗೆ ಮುಂಚೆ ಇದೊಂದು ಏಣಿ ಆಗಿತ್ತು. ತತ್ಸುಮಿ ಫುಜಿನಾಮಿ 1978ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೂನಿಯರ್ ಬೆಲ್ಟ್ ಗೆದ್ದು ಹೆಸರು ಮಾಡಿದ, ಆಮೇಲೆ ಮೈ ಬೆಳೆಸಿಕೊಂಡು ಹೆವಿವೇಟ್‌ಗೆ ಹೋದ. ಐಡಬ್ಲ್ಯೂಜಿಪಿ ಜೂನಿಯರ್ ಬೆಲ್ಟ್ 1986ರಲ್ಲಿ ಶುರುವಾದಾಗ ಮೊದಲು ಗೆದ್ದ ಶಿರೊ ಕೊಶಿನಾಕಾ ಹೋದ. ಹಾಸೆಯೂ ಹೋದ. ಒಳ್ಳೆಯವನಾದರೆ ಮೇಲೆ ಹತ್ತಬೇಕು, ಜೂನಿಯರ್‌ನಲ್ಲಿ ಉಳಿದವನು ಹತ್ತಲಾಗದವನು ಅನ್ನುವ ಹಾಗೆ.

ಲೈಗರ್ ಹತ್ತಲಿಲ್ಲ. ಎತ್ತರದ ಕಾರಣಕ್ಕೆ ಹತ್ತಲು ಆಗುತ್ತಲೂ ಇರಲಿಲ್ಲ ಅನ್ನಬಹುದು, ನಿಜವೇ. ಆದರೆ ಉಳಿದವನು ಅಲ್ಲೇ ಮನೆ ಕಟ್ಟಿದ. ಮೊದಲು ಒಡನಾಡಿ ನಾವೊಕಿ ಸಾನೊ ಜೊತೆ. 1989ರ ಆಗಸ್ಟ್‌ನಲ್ಲಿ ಬೆಲ್ಟ್ ಸಾನೊಗೆ ಹೋಯಿತು. 1990ರ ಜನವರಿ 31ರಂದು ಒಸಾಕಾದಲ್ಲಿ ಮರುಪಂದ್ಯ. ಮುಖವಾಡ ಹರಿದು, ಹರಿದ ಬಟ್ಟೆಯಿಂದ ರಕ್ತ ಸುರಿಯುವ ಆ ಪಂದ್ಯ ನೋಡಿದ ಮೇಲೆ "ಇದು ಸಣ್ಣವರ ಚೇಷ್ಟೆ" ಅಂತ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. 1991ರ ಕ್ರಿಸ್‌ಮಸ್ ದಿನ ಅಟ್ಲಾಂಟಾದಲ್ಲಿ ಬ್ರಯನ್ ಪಿಲ್‌ಮನ್‌ನಿಂದ ಡಬ್ಲ್ಯೂಸಿಡಬ್ಲ್ಯೂ ಎಂಬ ಅಮೆರಿಕದ ಕಂಪನಿಯ ಲೈಟ್ ಹೆವಿವೇಟ್ ಬೆಲ್ಟ್ ಗೆದ್ದ. ಮರುವರ್ಷ ಫೆಬ್ರವರಿ 29ಕ್ಕೆ ಅವನಿಗೇ ವಾಪಸ್ ಕೊಟ್ಟ. 1995ರ ಸೆಪ್ಟೆಂಬರ್ 4ರಂದು ಡಬ್ಲ್ಯೂಸಿಡಬ್ಲ್ಯೂ ತನ್ನ ಹೊಸ ಸೋಮವಾರದ ಕಾರ್ಯಕ್ರಮ 'ನೈಟ್ರೊ' ಶುರು ಮಾಡಿದಾಗ ಮೊಟ್ಟಮೊದಲ ಪಂದ್ಯಕ್ಕೆ ಇದೇ ಜೋಡಿಯನ್ನು ಕಟ್ಟಿದರು, ಅದೂ ಒಂದು ಶಾಪಿಂಗ್ ಮಾಲ್‌ನಲ್ಲಿ.

ಈ ಪ್ರಕರಣದ ನಡುಗಂಬ ಅಂತ ನಾನು ತೆಗೆದುಕೊಳ್ಳುವುದು 1994ರ ಏಪ್ರಿಲ್ 16ನ್ನು. ಟೋಕಿಯೊದ ರ್ಯೋಗೊಕು ಸುಮೊ ಹಾಲ್, ಸೂಪರ್ ಜೆ-ಕಪ್. ಯೋಚನೆ ಲೈಗರ್‌ನದು. ಬೇರೆ ಬೇರೆ ಕಂಪನಿಗಳ ಜೂನಿಯರ್‌ಗಳನ್ನು ಒಂದೇ ರಾತ್ರಿ, ಒಂದೇ ರಿಂಗಿನಲ್ಲಿ ಸೇರಿಸುವುದು. ಆ ಕಾಲದಲ್ಲಿ ಜಪಾನಿನಲ್ಲಿ ಸಣ್ಣ ಕಂಪನಿಗಳು ಅಣಬೆಗಳ ಹಾಗೆ ಎದ್ದಿದ್ದವು. ದೊಡ್ಡ ಕಂಪನಿ ಅವುಗಳ ಕಡೆ ತಿರುಗಿ ನೋಡುತ್ತಿದ್ದದ್ದೇ ಅಪರೂಪ. ಎಫ್‌ಎಂಡಬ್ಲ್ಯೂ, ವಾರ್, ಮಿಚಿನೊಕು ಪ್ರೊ, ಮೆಕ್ಸಿಕೊದ ಸಿಎಂಎಲ್ಎಲ್ ಎಲ್ಲದರಿಂದ ಸೇರಿ 14 ಜನ ಬಂದರು. ಎಡ್ಡಿ ಗೆರೆರೊ ಕಪ್ಪು ಮುಖವಾಡದಲ್ಲಿ ಬ್ಲ್ಯಾಕ್ ಟೈಗರ್ ಆಗಿದ್ದ, ಡೀನ್ ಮಲೆಂಕೊ ಇದ್ದ, ಗೆಡೊ ಇದ್ದ.

ಲೈಗರ್ ಮೊದಲು ಎಫ್‌ಎಂಡಬ್ಲ್ಯೂನ ಹಯಾಬುಸನನ್ನು ಸೋಲಿಸಿದ. ಹಯಾಬುಸ ಸೋತರೂ, ಅವನು ಹಾರಿದ ರೀತಿ ನೋಡಿದ ಜನ ಅವನ ಹೆಸರು ಮರೆಯಲಿಲ್ಲ. ಮುಂದೆ ಎಫ್‌ಎಂಡಬ್ಲ್ಯೂ ಕಂಪನಿಯ ಮುಖವೇ ಅವನಾದ. ಎರಡನೇ ಸುತ್ತಿನಲ್ಲಿ ರಿಕಿ ಫುಜಿ. ಸೆಮಿಫೈನಲ್‌ನಲ್ಲಿ ಗ್ರೇಟ್ ಸಸುಕೆ.

ಸಸುಕೆ ಉತ್ತರದ ತೊಹೊಕು ಸೀಮೆಯವನು. ಹಿಂದಿನ ವರ್ಷವಷ್ಟೇ, 1993ರಲ್ಲಿ, ಮಿಚಿನೊಕು ಪ್ರೊ ಎಂಬ ಪುಟ್ಟ ಕಂಪನಿ ಶುರು ಮಾಡಿದ್ದ. ಅದರ ಗಿರಾಕಿಗಳು ಟೋಕಿಯೊದವರಲ್ಲ, ಉತ್ತರದ ಸಣ್ಣ ಊರುಗಳವರು. ಪಂದ್ಯದ ಕೊನೆಯಲ್ಲಿ ಅವನು ಮೇಲಿನ ಹಗ್ಗಕ್ಕೆ ಚಿಮ್ಮಿ ಅಲ್ಲಿಂದ ಲೈಗರ್ ಮೇಲೆ ಹಾರಬೇಕಿತ್ತು. ಕಾಲು ಜಾರಿತು. ಧೊಪ್ಪಂತ ಬಿದ್ದ. ಇಡೀ ಹಾಲ್ ಉಸಿರು ಹಿಡಿಯಿತು.

ಲೈಗರ್ ಏನು ಮಾಡಿದ? ನಿಂತಲ್ಲೇ ಚಪ್ಪಾಳೆ ತಟ್ಟಿದ. ನಿಧಾನಕ್ಕೆ, ಹಂಗಿಸುವ ಚಪ್ಪಾಳೆ. "ಭೇಷ್, ಹಳ್ಳಿ ಗಮಾರ" ಅಂದಂತೆ. ಆ ಎರಡು ಕ್ಷಣದಲ್ಲಿ ತಪ್ಪು ಕಥೆಯಾಯಿತು. ಅಷ್ಟು ಹೊತ್ತು ಮುಜುಗರ ಪಡುತ್ತಿದ್ದ ಜನ ಈಗ ಸಸುಕೆಯ ಕಡೆ ಆದರು. ಸೊಕ್ಕಿನಿಂದ ಹತ್ತಿರ ಬಂದ ಲೈಗರ್‌ನ ಕೊರಳಿಗೆ ಸಸುಕೆ ಕಾಲು ಸುತ್ತಿ ಉರುಳಿಸಿದ. ಒಂದು, ಎರಡು, ಮೂರು. ಆತಿಥೇಯ ಔಟ್.

ನಾನು ಈ ಪಂದ್ಯವನ್ನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ಕಣ್ಣು ಹೋಗುವುದು ಆ ಚಪ್ಪಾಳೆಗೇ. ಮುಖ ಕಾಣದ ಮನುಷ್ಯ ಎರಡು ಕೈಯಲ್ಲಿ ಇಷ್ಟು ಹೇಳುತ್ತಾನಲ್ಲ. ತಾನೇ ಕರೆದು, ತನ್ನ ಮನೆಯಲ್ಲಿ, ತನ್ನ ಜನದ ಮುಂದೆ, ಊರಾಚೆಯ ಕಂಪನಿಯವನಿಗೆ ಸೋತ. ಸಸುಕೆ ಮರುದಿನದಿಂದ ದೊಡ್ಡ ಹೆಸರು. (2003ರಲ್ಲಿ ಇವನು ಇವಾಟೆ ಪ್ರಾಂತ್ಯದ ವಿಧಾನಸಭೆಗೆ ಗೆದ್ದು, ಅಲ್ಲೂ ಮುಖವಾಡ ಹಾಕಿಕೊಂಡೇ ಕೂತ. ಅದೇ ಒಂದು ಬೇರೆ ಪ್ರಕರಣ.) ಅಂದಿನ ಫೈನಲ್‌ನಲ್ಲಿ ಸಸುಕೆಯನ್ನು ಸೋಲಿಸಿದವನು ವೈಲ್ಡ್ ಪೆಗಸಸ್, ಅಂದರೆ ಕೆನಡಾದ ಕ್ರಿಸ್ ಬೆನ್ವಾ. 2007ರಲ್ಲಿ ಅವನು ತನ್ನ ಮನೆಯಲ್ಲೇ ಮಾಡಿದ ಕೊಲೆಗಳ ನಂತರ ಆ ಫೈನಲ್ ನೋಡಲು ಮನಸ್ಸು ಬರುವುದಿಲ್ಲ. ನಾನು ಸೆಮಿಫೈನಲ್‌ಗೇ ನಿಲ್ಲಿಸುತ್ತೇನೆ.

ಜೆ-ಕಪ್ ಮುಂದಿನ ಎರಡು ಸಲ, 1995 ಮತ್ತು 2000ದಲ್ಲಿ, ಬೇರೆ ಕಂಪನಿಗಳ ಮನೆಯಲ್ಲಿ ನಡೆಯಿತು. ಎರಡನ್ನೂ ಲೈಗರ್ ಗೆದ್ದ. ತನ್ನ ಮನೆಯಲ್ಲಿ ಸೋಲು, ಬೇರೆಯವರ ಮನೆಯಲ್ಲಿ ಗೆಲುವು. ಅಂಗಡಿ ಲೆಕ್ಕಕ್ಕೆ ಇದು ಉಲ್ಟಾ ಕಾಣಬಹುದು. ಆದರೆ ಊರಾಚೆಯ ಜನರಿಗೆ ಟಿಕೆಟ್ ತೆಗೆಯಲು ಕಾರಣ ಬೇಕಲ್ವಾ? ಲೈಗರ್ ನಮ್ಮೂರಿಗೆ ಬರುತ್ತಾನೆ, ನಮ್ಮವನಿಗೆ ಗೆಲ್ಲುವ ಅವಕಾಶ ಉಂಟು ಅನ್ನುವುದೇ ಆ ಕಾರಣ.

ಮೈ ಹೇಳಿದ ಮಾತು

1994ರ ಸೆಪ್ಟೆಂಬರ್‌ನಲ್ಲಿ ಕಾಲು ಮುರಿದು ಬೆಲ್ಟ್ ಬಿಟ್ಟುಕೊಟ್ಟ. ವಾಪಸ್ ಬರಲು ಸುಮಾರು ಒಂದು ವರ್ಷ ಹಿಡಿಯಿತು. 1996ರಲ್ಲಿ ಮೆದುಳಿನಲ್ಲಿ ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಪುಣ್ಯ. ಆಪರೇಷನ್ ಆಯಿತು. ಅದೇ ವರ್ಷ ಅಕ್ಟೋಬರ್ 20ಕ್ಕೆ ಕೋಬೆಯಲ್ಲಿ ಗ್ರೇಟ್ ಮುತಾ ಎಂಬ ಹೆವಿವೇಟ್ ದೈತ್ಯನ ಎದುರು ನಿಂತಿದ್ದ. ಮುತಾ ಅವನ ಮುಖವಾಡ ಹರಿದ. ಒಳಗೆ ಯಮಾದಾನ ಮುಖ ಕಾಣುತ್ತದೆ ಅಂತ ಜನ ಕತ್ತು ಚಾಚಿದರೆ, ಕಂಡದ್ದು ಬಿಳಿ ಬಣ್ಣ ಬಳಿದ ದೆವ್ವದಂಥ ಇನ್ನೊಂದು ಮುಖ. ಮುಖವಾಡದ ಕೆಳಗೂ ಮುಖವಾಡ. ಈ ರೂಪಕ್ಕೆ ಕಿಶಿನ್ ಲೈಗರ್ ಅಂತ ಹೆಸರು ಬಿತ್ತು, ಕಿಶಿನ್ ಅಂದರೆ ಉಗ್ರ ರಾಕ್ಷಸ. ನೂರಾರು ಸಲ ತೋರಿಸಬಹುದಾಗಿತ್ತು. ಬೆರಳೆಣಿಕೆಯಷ್ಟು ಸಲ ತೋರಿಸಿದ.

1997ರ ಜನವರಿ 4ರಂದು ಅಲ್ಟಿಮೊ ಡ್ರ್ಯಾಗನ್‌ನಿಂದ ಜೆ-ಕ್ರೌನ್ ಗೆದ್ದ. ಎಂಟು ಬೆಲ್ಟ್‌ಗಳನ್ನು ಒಟ್ಟು ಸೇರಿಸಿದ ಬಿರುದು ಅದು. ಎಂಟೂ ಮೈಮೇಲೆ ಹೇರಿಕೊಂಡರೆ ಮನುಷ್ಯ ಕಾಣುವುದಿಲ್ಲ, ಪಾತ್ರೆ ಅಂಗಡಿ ಕಾಣುತ್ತದೆ. ನನಗೆ ಆ ಯೋಚನೆ ಹಿಡಿಸಲಿಲ್ಲ. ಎಂಟು ಊರಿನ ಎಂಟು ಚಾಂಪಿಯನ್‌ಗಳು ಇರುವ ಜಾಗದಲ್ಲಿ ಒಬ್ಬನೇ ಉಳಿದರೆ ಜೂನಿಯರ್‌ಗಳಿಗೇನು ಲಾಭ? ಅದೇ ವರ್ಷ ನವೆಂಬರ್‌ನಲ್ಲಿ ಜೆ-ಕ್ರೌನ್ ಒಡೆದುಹೋಯಿತು.

ಅವನ 11ನೇ ಹಾಗೂ ಕೊನೆಯ ಐಡಬ್ಲ್ಯೂಜಿಪಿ ಜೂನಿಯರ್ ಆಳ್ವಿಕೆ 2000ದ ಜುಲೈನಲ್ಲಿ ಮುಗಿಯಿತು. ಬೆಲ್ಟ್ ತೆಗೆದುಕೊಂಡವನು ತಾತ್ಸುಹಿತೊ ತಕಾಯಿವಾ. ಅಲ್ಲಿಂದ 2020ರವರೆಗೆ, ಹೆಚ್ಚುಕಡಿಮೆ 20 ವರ್ಷ, ಆ ಬೆಲ್ಟ್ ಲೈಗರ್‌ನ ಸೊಂಟ ಮುಟ್ಟಲಿಲ್ಲ. ಅಂದರೆ ಅವನ ವೃತ್ತಿಯ ಅರ್ಧಕ್ಕಿಂತ ಜಾಸ್ತಿ ಕಾಲ ಬೇರೆಯವರು ಚಾಂಪಿಯನ್. ಲೈಗರ್‌ನನ್ನು ಸೋಲಿಸಿದ್ದೇನೆ ಅನ್ನುವುದೇ ಒಂದು ಪದವಿಪತ್ರ ಆಗಿತ್ತು, ಅದನ್ನು ಅವನು ಹಂಚುತ್ತಾ ಬಂದ.

ಒಂದು ಸೋಲು ಮಾತ್ರ ಯಾರೂ ಬರೆದದ್ದಲ್ಲ. 2002ರ ನವೆಂಬರ್ 30ರಂದು ಪ್ಯಾಂಕ್ರೇಸ್ ಎಂಬ ಅಸಲಿ ಹೊಡೆದಾಟದ ಕಂಪನಿಯಲ್ಲಿ ಮಿನೊರು ಸುಜುಕಿಗೆ ಎದುರಾಳಿ ಬೇಕಿತ್ತು. ಬರಬೇಕಾದ ಕೆನ್ಸುಕೆ ಸಸಾಕಿ ಬರಲಿಲ್ಲ. ಅವನ ಬದಲಿಗೆ ಲೈಗರ್ ಹೋದ, ಮುಖವಾಡ ಸಮೇತ. 1 ನಿಮಿಷ 48 ಸೆಕೆಂಡಿಗೆ ಸುಜುಕಿ ಹಿಂದಿನಿಂದ ಕತ್ತು ಹಿಡಿದು ಮುಗಿಸಿದ. 38ನೇ ವಯಸ್ಸಿನಲ್ಲಿ, ತನ್ನದಲ್ಲದ ಆಟಕ್ಕೆ ಯಾಕೆ ಹೋಗಬೇಕಿತ್ತು? ಸುಜುಕಿ ಒಂದು ಕಾಲದಲ್ಲಿ ಅದೇ ನೊಗೆ ಗರಡಿಯ ಹುಡುಗ. ಅವನು ಮುಂದಿನ ವರ್ಷ ಪ್ರೊ ರೆಸ್ಲಿಂಗ್‌ಗೆ ಮರಳಿದ, ಹೋದವನನ್ನು ವಾಪಸ್ ಎಳೆದದ್ದು ಆ ಪಂದ್ಯವೇ ಅನ್ನುವುದು ಅವನ ಮಾತು.

ಬೆನ್ನು ನೆಲಕ್ಕೆ

2019ರ ಮಾರ್ಚ್ 6ರಂದು ತಾಯಿಜಿ ಇಶಿಮೊರಿ ಎದುರು ಕೊನೆಯ ಸಲ ಜೂನಿಯರ್ ಬೆಲ್ಟ್‌ಗೆ ಕೈ ಹಾಕಿ ಸೋತ. ಮರುದಿನವೇ ಪತ್ರಕರ್ತರನ್ನು ಕರೆದು, ಮುಂದಿನ ಜನವರಿಗೆ ನಿಲ್ಲಿಸುತ್ತೇನೆ ಅಂದ. ತನ್ನಲ್ಲಿ ಇನ್ನು ಬೆಳೆಯಲು ಜಾಗ ಉಳಿದಿಲ್ಲ ಅನ್ನುವ ಅರ್ಥದ ಮಾತಾಡಿದ. 54 ವರ್ಷದವನ ಬಾಯಲ್ಲಿ ಈ ಕಾರಣ. ಹಾಗಾದರೆ 53ರವರೆಗೆ ಬೆಳೆಯುತ್ತಿದ್ದೇನೆ ಅಂದುಕೊಂಡಿದ್ದನೇ ಅಂತ ನಗು ಬಂತು, ಆಮೇಲೆ ನಗು ನಿಂತಿತು.

ಆ ವರ್ಷ ಅಕ್ಟೋಬರ್ 14ಕ್ಕೆ ರ್ಯೋಗೊಕುನಲ್ಲಿ ಮತ್ತೆ ಸುಜುಕಿ, ಈ ಸಲ ಪ್ರೊ ರೆಸ್ಲಿಂಗ್. ಸುಜುಕಿಯೇ ಗೆದ್ದ. ಯಾರಿಗೂ ತಲೆಬಾಗದ ಆ ಕ್ರೂರಿ, ಪಂದ್ಯ ಮುಗಿದ ಮೇಲೆ ಬಿದ್ದಿದ್ದ ಲೈಗರ್ ಮುಂದೆ ಮಂಡಿಯೂರಿ, ಹಣೆ ನೆಲದ ಕಡೆ ಬಾಗಿಸಿದ. ಮಾತಿಲ್ಲ. ಎದ್ದು ಹೋದ.

2020ರ ಜನವರಿ 4, ಟೋಕಿಯೊ ಡೋಮ್. ನಾಲ್ಕು ನಾಲ್ಕು ಜನರ ಪಂದ್ಯ. ಒಂದು ಕಡೆ ಲೈಗರ್, ಫುಜಿನಾಮಿ, ಸಸುಕೆ, ಟೈಗರ್ ಮಾಸ್ಕ್ ಹೆಸರು ಹೊತ್ತ ನಾಲ್ಕನೆಯವನು. ಇನ್ನೊಂದು ಕಡೆ ಸಾನೊ, ಶಿಂಜಿರೊ ಒತಾನಿ, ತಕಾಯಿವಾ, ರ್ಯುಸುಕೆ ತಗುಚಿ. ಮೂಲೆಯಲ್ಲಿ ನಿಂತಿದ್ದವನು 1989ರ ಮೊದಲ ಎದುರಾಳಿ ಕೊಬಯಾಶಿ. ಲೈಗರ್‌ನನ್ನು ತಗುಚಿ ಚಿತ್ ಮಾಡಿದ.

ಮರುದಿನ ಅಲ್ಲೇ ಕೊನೆಯ ಪಂದ್ಯ. ಜೊತೆಗಾರ ಸಾನೊ. ಎದುರಿಗೆ ಹಿರೋಮು ತಕಾಹಾಶಿ ಮತ್ತು ಮೆಕ್ಸಿಕೊದ ರ್ಯೂ ಲೀ. 2018ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪಂದ್ಯದಲ್ಲಿ ಈ ಲೀಯ ಪಟ್ಟಿಗೆ ಸಿಕ್ಕೇ ಹಿರೋಮುವಿನ ಕತ್ತು ಮುರಿದಿತ್ತು. ಒಂದೂವರೆ ವರ್ಷ ಹೊರಗಿದ್ದು ಬಂದವನು ಹಿಂದಿನ ರಾತ್ರಿಯಷ್ಟೇ ಜೂನಿಯರ್ ಬೆಲ್ಟ್ ಗೆದ್ದಿದ್ದ. ಈಗ ಕತ್ತು ಮುರಿದವನೂ ಮುರಿಸಿಕೊಂಡವನೂ ಒಂದೇ ಮೂಲೆಯಲ್ಲಿ ನಿಂತಿದ್ದರು. ಹಿರೋಮು ಲೈಗರ್‌ನನ್ನು ಹೆಗಲಿಗೆ ಎತ್ತಿ ಕೆಡವಿದ. ಮೂರು ಎಣಿಸಿದರು.

ಮರುದಿನದ ಬೀಳ್ಕೊಡುಗೆಯಲ್ಲೂ ಲೈಗರ್ ಮುಖವಾಡ ತೆಗೆಯಲಿಲ್ಲ. ಈಗ ಜಪಾನಿನ ಪ್ರಸಾರಗಳಲ್ಲಿ ಕಾಮೆಂಟರಿ ಮೇಜಿನ ಹಿಂದೆ ಕೂರುತ್ತಾನೆ. ಕೊಂಬಿನ ಮುಖವಾಡದ ಮೇಲೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹುಡುಗರು ಕಂಬ ಹತ್ತಿದಾಗ ಎಲ್ಲರಿಗಿಂತ ಜೋರಾಗಿ ಕೂಗುವವನು ಅವನೇ.